ಬಾನೆಟ್ಟಿನ ಒಳಮೈ

ಹಾರ್ಶಮ್ಮಿನ ಹೊರಗೆ, ತಗಡಿನ ಶೆಡ್ಡಿನಲ್ಲಿ
ಬೂದುಬಣ್ಣದ ಫರ್ಗ್ಯುಸನ್.
ಕಾರ್ಬ್ಯುರೇಟರ್ ಬಿಚ್ಚಿ ಅಡುಗೆಮನೆಗೆ ತಂದೆ,
ಹಿತ್ತಾಳೆ ಜೆಟ್ಟಿನ ಸೂಜಿಗಣ್ಣಿಗೆ
ಪೊರಕೆಕಡ್ಡಿ ತೂರಿಸಿ ಊದಿದೆ.
ಬಾಯಿತುಂಬ ಪೆಟ್ರೋಲು, ಎದುರಿಗೆ ಆರಿದ ಚಹ.

ಬಾನೆಟ್ ಎತ್ತಿದರೆ ಒಳಗೆ ಪೆನ್ಸಿಲಿನ ಸಾಲು,
ಯಾರೋ ಕ್ಲೆಮ್ ಎಂಬಾತ ಗೀಚಿದ್ದು:
'ಆಯಿಲ್, ಮೇ ೫೮.' 'ಆಯಿಲ್, ಮೇ ೫೯.'
ಆಮೇಲೆ ಆರು ವರ್ಷ ಏನೂ ಇಲ್ಲ.
ಆಮೇಲೆ ಬೇರೆ ಕೈ, ದುಂಡಗೆ:
'ಕ್ಲಚ್ ಒರಟು. ಬೈಯಬೇಡಿ, ಕಾಯಿರಿ.'

ಕಾದೆ.
ಮೂರನೇ ತಿರುವಿಗೆ ಕೆಮ್ಮಿತು, ನಾಲ್ಕಕ್ಕೆ
ಮಾಡಿನ ಮೇಲಿನ ಗಲಾ ಗಿಳಿಗಳೆಲ್ಲ ಎದ್ದವು.

ಕಿವಿಗೆ ಸಿಕ್ಕಿಸಿದ ಪೆನ್ಸಿಲು ತೆಗೆದು
ದುಂಡಕ್ಷರದ ಕೆಳಗೆ ಬರೆದೆ, ಕನ್ನಡದಲ್ಲೇ:
ಎಣ್ಣೆ ಹಾಕಿದ್ದೇನೆ. ಎಡಗಡೆಯ ನಟ್ಟು ಇನ್ನೂ ಸಡಿಲ.
ಮುಂದಿನವರು ಓದಲಾರರು.
ನಟ್ಟು ಮುಟ್ಟಿದರೆ ತಿಳಿದೀತು.