ಹಳದಿ ವೈರು

ವಿನೋಬನಗರದ ಹಾಲೇಶಪ್ಪನವರ ತಾರಸಿ.
ಒಣಹಾಕಿದ ಸಂಡಿಗೆ ತುಳಿಯದಂತೆ
ಒಂಟಿಕಾಲಲ್ಲಿ ನಿಂತು
ತಟ್ಟೆಯನ್ನು ಆಗ್ನೇಯಕ್ಕೆ ತಿರುಗಿಸಿದೆ.
ಕೆಳಗಿನಿಂದ ಕೂಗಿದರು:
‘ಜಬೀ, ಅದು ಅಡುಗೆಮನೆ ಮೂಲೆಯಲ್ಲವೇನೋ?’
ಉಪಗ್ರಹಕ್ಕೂ ವಾಸ್ತು ಗೊತ್ತಿರಬೇಕು ಸಾರ್,
ಅಂದೆ. ಮೀಟರಿನ ಮುಳ್ಳು ಎದ್ದು ನಿಂತಿತು.

ಹಿಂದೆ ಯಾರೋ ಹಾಕಿಹೋದದ್ದು
ಐವತ್ತು ರೂಪಾಯಿಯ ಸ್ಪ್ಲಿಟರು.
ಜಗಳದ ಬೇರು ಅಲ್ಲೇ ಇತ್ತು.
ಮೇಲಿಂದ ಬರುವುದು ಎರಡು ಬಗೆಯ ಅಲೆ,
ನಿಂತದ್ದೊಂದು, ಮಲಗಿದ್ದೊಂದು.
ಹದಿಮೂರು ವೋಲ್ಟಿಗೆ ನಿಂತದ್ದು ಓಗೊಡುತ್ತದೆ,
ಹದಿನೆಂಟಕ್ಕೆ ಮಲಗಿದ್ದು.
ಹಾಲ್‌ನಲ್ಲಿ ಮಾವ ಹದಿನೆಂಟು ಕೇಳಿದರೆ
ರೂಮಿನಲ್ಲಿ ಸೊಸೆಯ ಧಾರಾವಾಹಿ
ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಕಪ್ಪು.
‘ಬೇಕಂತಲೇ ಮಾಡ್ತಾರೆ’ ಅಂತ ಅವಳು.
‘ವಾರ್ತೆ ಹಾಕಿದ್ದೇ ತಪ್ಪಾ’ ಅಂತ ಇವರು.
ಎಂಟು ತಿಂಗಳಿಂದ ಮಾತಿಲ್ಲ.
ಇಬ್ಬರದೂ ತಪ್ಪಿಲ್ಲ ಎಂದು ಹೇಳುವುದಕ್ಕೆ
ಒಬ್ಬ ಏಣಿ ಹೊತ್ತುಕೊಂಡು ಬರಬೇಕಾಯಿತು.

ಸ್ಪ್ಲಿಟರ್ ಕಿತ್ತೆ. ನಾಲ್ಕು ಬಾಯಿಯ ಎಲ್ಎನ್‌ಬಿ ಕೂರಿಸಿದೆ.
ಇನ್ನು ಯಾರ ಪ್ರಶ್ನೆಗೆ ಅವರದೇ ಉತ್ತರ.
ಕೇಬಲ್ ಗೋಡೆಯ ತೂತು ಹೊಗುವ ಮುಂಚೆ
ಒಂದು ಬಾಗು ಕೆಳಗೆ ಇಳಿಬಿಡಬೇಕು,
ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ.
ಕಲಿಸಿದ್ದು ಉಸ್ತಾದ್ ಮೆಹಬೂಬ್:
‘ತುಂಗೆಯೇ ಬಂದರೂ ಒಳಗೆ ಕರೀಬಾರದು.’

ಮೂರು ಕೋಣೆಗೆ ಎಳೆದೆ. ಒಂದು ಬಾಯಿ ಉಳಿಯಿತು.
‘ಮುಚ್ಚಿಬಿಡು’ ಎಂದರು ಹಾಲೇಶಪ್ಪ.
ಮುಚ್ಚಳಕ್ಕೆ ಚೀಲ ತಡಕುತ್ತಿದ್ದೆ,
ಹಿತ್ತಲ ಕೋಣೆಯ ಬಾಡಿಗೆಯಾಕೆ ಫಿಲೋಮಿನಮ್ಮ
ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಬಂದಳು.
‘ಅದು ನನಗೆ. ಡಬ್ಬಿ ಇದೆ, ಟಿವಿ ಇಲ್ಲ.’
ಟಿವಿ ಇಲ್ಲದೆ?
‘ಕಣ್ಣು ಸೂಜಿಗೆ ಬೇಕಪ್ಪ. ಕಿವಿ ಖಾಲಿ ಬಿದ್ದಿದೆ.’

ಚಾನೆಲ್ ಹುಡುಕುವುದಕ್ಕಾದರೂ ಪರದೆ ಬೇಕು.
ಸೊಸೆ ತನ್ನ ಟಿವಿಯನ್ನೇ ಎತ್ತಿ ತಂದಳು,
ಮಾವ ಬಾಗಿಲು ಹಿಡಿದು ನಿಂತರು.
ಮಾತಾಡಿದರು ಎಂದು ಹೇಳಲಾರೆ.
‘ಹೊಸ್ತಿಲು’ ಎಂದಷ್ಟೇ ಅಂದರು,
ಅವಳು ಕಾಲೆತ್ತಿ ಇಟ್ಟಳು.

ಕೆಂಪು ವೈರು, ಬಿಳಿ ವೈರು
ಹಳೇ ಟೇಪ್‌ರೆಕಾರ್ಡರಿನ ಬೆನ್ನಿಗೆ.
ಹಳದಿ ಚಿತ್ರದ್ದು, ಅದಕ್ಕೆ ಕೆಲಸವಿಲ್ಲ.
ನಾನು ಹೇಳಿದ ನಂಬರನ್ನು ಫಿಲೋಮಿನಮ್ಮ
ಬಟ್ಟೆಗೆ ಗೀಚುವ ಸೀಮೆಸುಣ್ಣದಲ್ಲಿ
ಮೆಷಿನ್ನಿನ ಮರದ ಮೇಲೆ ಬರೆದುಕೊಂಡಳು.
ಮತ್ತೆ ನೋಡದೆಯೇ ಒತ್ತಿದಳು, ಮೂರು ಗುಂಡಿ.
ಆಕಾಶವಾಣಿ, ಎಂದಿತು ಡಬ್ಬಿ.
ಇಷ್ಟು ವರ್ಷ ಬರೀ ಹೆಸರು ಅಂದುಕೊಂಡಿದ್ದೆ.
ಮೂವತ್ತಾರು ಸಾವಿರ ಕಿಲೋಮೀಟರ್ ಇಳಿದು ಬಂದ ದನಿ
ಒಂದು ರವಿಕೆಯ ತೋಳಿನ ಪಕ್ಕ ಕೂತಿತು.

ದೀಪಾವಳಿಗೆ ಇನ್ನೊಂದು ಮನೆಯ ಕೆಲಸಕ್ಕೆ ಆ ಕಡೆ ಹೋಗಿದ್ದೆ.
ಹಿತ್ತಲ ಕಿಟಕಿಯಲ್ಲಿ ಇಣುಕಿದೆ.
ಹಳದಿ ವೈರನ್ನು ಸೀಳಿ ಬೇರೆ ಮಾಡಿ
ಮೊಳೆಗೆ ಸುತ್ತಿದ್ದಾಳೆ,
ತುದಿಯಲ್ಲಿ ಕತ್ತರಿ ತೂಗುತ್ತಿದೆ.