ಗೆಳೆಯನೊಬ್ಬ ಕೇಳಿದ್ದ

ಮೊದಲ ದಿನ ನಾನು ಹೇಳಿದ್ದು ಇಷ್ಟೇ:
"ನನ್ನ ಗೆಳೆಯ ಒಬ್ಬ ಇದಾನೆ. ಸ್ವಲ್ಪ ಹೊಟ್ಟೆ,
ಬಣ್ಣ ಕಪ್ಪು. ಅವನಿಗೆ ಎಂಥ ಅಂಗಿ ಒಪ್ಪಬಹುದು?"

ಮಂಡಿಪೇಟೆಯ ಒಳಓಣಿ, ಮೆಟ್ಟಿಲ ಕೆಳಗಿನ ಅಂಗಡಿ.
ಗ್ಯಾನೋಬರಾಯರು ಹಲ್ಲಲ್ಲಿ ಕಚ್ಚಿದ ದಾರ ಬಿಡಲಿಲ್ಲ,
ನನ್ನ ಹೊಟ್ಟೆಯ ಕಡೆ ನೋಡಲೂ ಇಲ್ಲ. ಅದು ಅವರ ದೊಡ್ಡತನ.
"ನಿಮ್ಮ ಗೆಳೆಯರಿಗೆ ಹೇಳ್ರಿ,
ಹೊಟ್ಟೆ ಮುಚ್ಚಾಕೆ ಹೋಗಬ್ಯಾಡ, ಅದಕ್ಕೊಂಚೂರು ಜಾಗ ಬಿಡು ಅಂತ.
ಬಿಗಿದ ಗುಂಡಿ ಚಾಡಿ ಹೇಳ್ತದೆ."

ನಲವತ್ಮೂರು ವರ್ಷ
ನಾನು ಯಾವ ಬಣ್ಣವನ್ನೂ ಆರಿಸಿದವನಲ್ಲ.
ಚಿಕ್ಕಂದಿನಲ್ಲಿ ಅಣ್ಣನ ಅಂಗಿ, ಅವನ ಬೆವರಿನ ನಕಾಶೆ ಸಮೇತ.
ಆಮೇಲೆ ಮುಯ್ಯಿಗೆ ಬಂದ ಪೀಸು:
ಯಾರದೋ ಮದುವೆಯಿಂದ ಯಾರದೋ ಗೃಹಪ್ರವೇಶಕ್ಕೆ
ದಾಟಿ ದಾಟಿ, ಇನ್ನು ದಾಟಲಾರದೆ
ನನ್ನ ಮೈಮೇಲೆ ಬಂದು ನಿಂತ
ಸಿಮೆಂಟಿನಂಥ, ಆರಿದ ತೊವ್ವೆಯಂಥ ಬಣ್ಣಗಳು.

ಹೆಂಡತಿ ನೂರು ಸೆರಗು ಬಿಚ್ಚಿಸಿ
ಪಕ್ಕದಲ್ಲಿ ನಿಂತ ಗುರುತಿಲ್ಲದವಳನ್ನೂ ಕೇಳುತ್ತಾಳೆ, ಹೆಂಗೈತೆ ರೀ ಇದು?
ಅವಳು ಹೇಳುತ್ತಾಳೆ ಕೂಡ.
ನಾನು ಯಾರನ್ನು ಕೇಳಲಿ?
ಕನ್ನಡಿಯ ಮುಂದೆ ಎರಡನೇ ಸಲ ತಿರುಗಿದರೆ
"ಏನಪ್ಪ ಮದುಮಗ" ಅನ್ನುವ ಊರು.

ಸಂಜೆ ಏಳರ ಮೇಲೆ ಆ ಬೆಂಚಿನಲ್ಲಿ ಇನ್ನೂ ಮೂವರು.
ದಲಾಲಿ ಅಂಗಡಿಯ ಹಾಲಸ್ವಾಮಿ, ಹುಬ್ಬಿನ ತುಂಬ ಮೆಕ್ಕೆಜೋಳದ ಧೂಳು;
ಭಟ್ಟಿಯಿಂದ ನೇರ ಬಂದ ಇಮ್ತಿಯಾಜ್, ಮೈಯೆಲ್ಲ ಬಿಸಿ ಮಂಡಕ್ಕಿಯ ವಾಸನೆ;
ಜಗಳೂರು ರೂಟಿನ ಕಂಡಕ್ಟರ್ ಓಬಳೇಶ.
ಅವರಿಗೂ ಒಬ್ಬೊಬ್ಬ ಗೆಳೆಯನಿದ್ದ.
ಹಾಲಸ್ವಾಮಿಯ ಗೆಳೆಯ ಐವತ್ತೈದರಲ್ಲಿ
ಗಿಡ್ಡ ಕುತ್ತಿಗೆಗೆ ಯಾವ ಕಾಲರ್ ಅಂತ ಕೇಳಿದ್ದ.
ಓಬಳೇಶನ ಗೆಳೆಯನಿಗೆ ವಾರವೆಲ್ಲ ಖಾಕಿ,
ರಜೆಯ ದಿನ ಏನು ಹಾಕಿದರೂ ಕೈ
ಸೀಟಿ ಎಲ್ಲಿ ಅಂತ ಜೇಬು ತಡಕುತ್ತದಂತೆ.
ಇಮ್ತಿಯಾಜನ ಗೆಳೆಯ ಮಾತ್ರ ಧೈರ್ಯವಂತ,
ಗುಲಾಬಿ ಬಣ್ಣದ ಬಗ್ಗೆ ಕೇಳಿದ್ದ.

ಯಾರೂ ನಗಲಿಲ್ಲ.
ಹಾಲಸ್ವಾಮಿ ಚಹಾದ ಲೋಟ ಕೆಳಗಿಟ್ಟು
ಲಾಟು ನೋಡುವವನ ಹಾಗೆ ಕಣ್ಣು ಸಣ್ಣ ಮಾಡಿ
ಬಟ್ಟೆಯನ್ನು ಬೆಳಕಿಗೆ ಹಿಡಿದ.
"ಇದು ಜಾತ್ರಿ ಗುಲಾಬಿ, ಬ್ಯಾಡ. ಈರುಳ್ಳಿ ಸಿಪ್ಪಿ ಬಣ್ಣ ನೋಡು.
ನಿನ್ನ... ಅವನ ಮೈಗೆ ಅದು ಏಳ್ತದೆ."

ನನ್ನ ಗೆಳೆಯನ ಸರದಿ ಎರಡು ಸಂಜೆ ನಡೆಯಿತು.
ಕಪ್ಪಗಿದ್ದೋರು ತಿಳಿಬಣ್ಣನೇ ಹಾಕಬೇಕು, ಓಬಳೇಶನ ವಾದ.
ಯಾವ ಕೋರ್ಟ್ ಹೇಳ್ತು, ಸಾಸಿವೆ ಹಳದಿ ಹಾಕಿ ನೋಡ್ಲಿ, ಇಮ್ತಿಯಾಜ್.
ಕೊನೆಗೆ ರಾಯರು ರಾಶಿಯಿಂದ ಒಂದು ತುಂಡೆಳೆದು
ನನ್ನ ಹೆಗಲ ಮೇಲೆ ಎಸೆದರು:
"ಅವರ ಅಳತಿ ನಿಮ್ಮಷ್ಟೇ ಇದ್ದೀತಲ್ಲ."
ಟ್ಯೂಬ್‌ಲೈಟಿನ ಕೆಳಗೆ, ಪಾದರಸ ಎದ್ದ ಕನ್ನಡಿಯಲ್ಲಿ
ನನ್ನ ಕತ್ತು, ಕಿವಿ, ಕೆನ್ನೆ,
ಎರೆಹೊಲದ ಅಂಚಿಗೆ ಕುಸುಬೆ ಹೂಬಿಟ್ಟ ಹಾಗೆ.
ಹಾಗಂತ ನಾನೇನೂ ಅನ್ನಲಿಲ್ಲ.
"ಪರವಾಗಿಲ್ಲ, ಅವನಿಗೆ ಹೇಳ್ತೀನಿ" ಅಂದೆ.

ಎಲ್ಲ ಮಾತೂ ಸರಿಯಿತ್ತು ಎಂದಲ್ಲ.
ಹಾಲಸ್ವಾಮಿಯ ನಂಬಿ ಹೊಲಿಸಿದ ಜುಬ್ಬ
ಈಗ ನಮ್ಮ ಮನೆಯ ಸ್ಕೂಟರ್ ಒರೆಸುತ್ತದೆ.
ರಾಯರಿಗಂತೂ ಗೆಳೆಯನೇ ಇರಲಿಲ್ಲ,
ಐವತ್ತು ವರ್ಷ ಊರಿಗೆಲ್ಲ ಹೊಲಿದು
ತಾವು ತೋಳಿಲ್ಲದ ಬನಿಯನ್ನಿನಲ್ಲಿ ಕೂತವರು.

ನಿನ್ನೆ ಒಬ್ಬ ಹುಡುಗ. ಹೆಗಲಲ್ಲಿ ಪಾಲಿಟೆಕ್ನಿಕ್ ಬ್ಯಾಗು,
ಮೀಸೆ ಇನ್ನೂ ಅಪ್ಪಣೆ ಕೇಳುತ್ತಿದೆ,
ಒಂದು ಕಾಲು ಒಳಗೆ, ಒಂದು ಓಣಿಯಲ್ಲಿ:
"ಅಂಕಲ್, ನಮ್ ಫ್ರೆಂಡ್ ಒಬ್ನಿಗೆ... ಭುಜ ಸಣ್ಣ ಅವನಿಗೆ..."

ರಾಯರ ಮಷೀನು ನಿಂತಿತು.
ನಾವು ನಾಲ್ವರೂ ಬೆಂಚಿನ ತುದಿಗೆ ಸರಿದೆವು,
ಇಬ್ಬರು ಕೂರುವಷ್ಟು.