ಏಳು ಸಾಲು

ಹಾಸನದಿಂದ ಕಡಲಿಗೆ, ಘಾಟಿ ಇಳಿದು, ನಾಲ್ಕೈದು ಗಂಟೆ.
ನಮ್ಮ ಕಾಲೇಜಿನ ಹಿಂದಿನ ಶೆಡ್ಡಿನಲ್ಲಿ ಮಾತ್ರ
ಸ್ವಿಚ್ಚು ಒತ್ತಿದರೆ ಅಲೆ.

ಹದಿನೆಂಟು ಮೀಟರಿನ ಗಾಜಿನ ದೋಣಿ
(ತೇಲದಿದ್ದರೂ ದೋಣಿ ಅಂತಲೇ ಅನ್ನುತ್ತೇವೆ),
ತುದಿಯಲ್ಲಿ ಮೋಟಾರು ತಳ್ಳುವ ಹಲಗೆ,
ನಡುವೆ ಸರಪಳಿ ಕಟ್ಟಿದ ತೇಲುಗಟ್ಟೆ.
ಹಲಸಿನ ಮರದ್ದು. ನಾನೇ ಕೆತ್ತಿದ್ದು.
ಬಾಗಿಲು, ತೊಲೆ, ತೊಟ್ಟಿಲು ಮಾಡಿದ ಮನೆತನ ನಮ್ಮದು;
ನೀರಿಗೆ ಬಾಗಿಲು ಮಾಡಿದ್ದು ಇದೇ ಮೊದಲು.

ಬಂದ ಅಲೆ ಇಷ್ಟು, ದಾಟಿದ ಅಲೆ ಇಷ್ಟು,
ಭಾಗಿಸಿ ಬರೆಯಿರಿ ಅಂದರು ತಸ್ಮಿಯಾ ಮೇಡಂ.
ಒಂದು ಬಂದರೆ ಕಟ್ಟೆ ಇದ್ದೂ ಇಲ್ಲ;
ಸೊನ್ನೆಯಾದರೆ ಆಚೆ ನೀರಿಗೆ ನಿದ್ದೆ.
ನಮಗೆ ಸಿಕ್ಕಿದ್ದೆಲ್ಲ ಪಾಯಿಂಟ್ ನಾಲ್ಕು, ಪಾಯಿಂಟ್ ಆರು.
ಅಗಲ ಬದಲಿಸು, ಮುಳುಗುವ ಆಳ ಬದಲಿಸು, ಸರಪಳಿ ಸಡಿಲಿಸು,
ಮುನ್ನೂರ ಹನ್ನೆರಡು ಸಾಲಾಯಿತು ನೋಟ್‌ಬುಕ್ಕು.

ಅದನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರು.
ನರಜಾಲವಂತೆ. ನರವೂ ಕಾಣಲಿಲ್ಲ, ಜಾಲವೂ.
ಮಗ್ಗಿ ಕಲಿಯುವ ಹುಡುಗನ ಹಾಗೆ ಹೇಳುವುದು, ತಪ್ಪುವುದು,
ತಪ್ಪಿದ್ದೆಷ್ಟು ಅಂತ ಹಿಂದೆ ಹೋಗಿ ತೂಕ ತಿದ್ದಿಕೊಳ್ಳುವುದು,
ಮತ್ತೆ ಹೇಳುವುದು.
ಇಡೀ ರಾತ್ರಿ, ಕಿವಿ ಹಿಂಡುವವರಿಲ್ಲದೆ.

ಬೆಳಿಗ್ಗೆ ಮೇಡಂ ನಕ್ಕರು: "ಗಿರಿಯಾಚಾರ್ರೇ, ಇನ್ನು ನೀರೇ ಬೇಡ,
ನಾವು ಎಬ್ಬಿಸದ ಅಲೆಗೂ ಉತ್ತರ ಹೇಳುತ್ತೆ."
ಕರಾವಳಿಯಲ್ಲೆಲ್ಲೋ ಮೀನುದೋಣಿ ನಿಲ್ಲುವ ಜಾಗಕ್ಕೆ
ಇದೇ ಲೆಕ್ಕ ಹೋಗುತ್ತದಂತೆ.

ನಾನು ನಗಲಿಲ್ಲ.
ಆಷಾಢದ ಒಂದು ಸಂಜೆ ಕರೆಂಟು ಹೋಗಿತ್ತು,
ಹಗರೆ ಕಡೆಯ ಬಸ್ಸು ಹೊರಡುವುದರಲ್ಲಿತ್ತು,
ಏಳು ಸಾಲು ಬಾಕಿ.
ಮೇಲಿನದನ್ನು ನೋಡಿ ಕೆಳಗಿನದನ್ನು ಊಹಿಸಿ
ಪೆನ್ಸಿಲಿನಲ್ಲಿ ತುಂಬಿದ್ದೆ.

ಯಂತ್ರ ಸುಳ್ಳು ಹಿಡಿಯುತ್ತೆ ಅಂದುಕೊಂಡಿದ್ದೆ.
ಹಿಡಿಯಲಿಲ್ಲ. ನಂಬಿತು. ಕಲಿಯಿತು.
ಈಗ ಅದರೊಳಗೆ ಯಾವುದು ನೀರಿನ ಮಾತು, ಯಾವುದು ನನ್ನದು,
ಅದಕ್ಕೂ ಗೊತ್ತಿಲ್ಲ.

ಮೂರು ದಿನ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಹೇಳಿದೆ.
ಮೇಡಂ ಬೈಯಲಿಲ್ಲ; ಬೈದಿದ್ದರೆ ಹಗುರಾಗುತ್ತಿತ್ತು.
ತೋಳು ಮಡಚಿ, "ನೀರು ಬಿಡಿ" ಅಂದರು.

ಏಳರಲ್ಲಿ ನಾಲ್ಕು ಸರಿಯಿತ್ತು, ಕೂದಲೆಳೆ ಆಚೀಚೆ.
ಅಂಕಿಯನ್ನು ಎರಡು ಸಲ ನೋಡಿದರು, ನನ್ನನ್ನು ಒಂದು ಸಲ.
ಉಳಿದ ಮೂರು, ಉದ್ದ ಅಲೆಯವು, ಪೂರಾ ತಪ್ಪು.
ಗಿಡ್ಡ ಅಲೆ ಕಟ್ಟೆಗೆ ಹಣೆ ಚಚ್ಚಿಕೊಂಡು ಸಾಯುತ್ತದೆ;
ಉದ್ದದ್ದು ಕಟ್ಟೆಯನ್ನೇ ಎತ್ತಿ, ತೊಟ್ಟಿಲ ಹಾಗೆ ತೂಗಿ,
ಅಡಿಯಿಂದ ದಾಟಿಬಿಡುತ್ತದೆ, ಸದ್ದಿಲ್ಲದೆ.
ತೊಟ್ಟಿಲು ಮಾಡಿದವನಿಗೆ ಗೊತ್ತಿರಬೇಕಿತ್ತು.

ಆ ರಾತ್ರಿ ಯಂತ್ರ ಮತ್ತೆ ಮಗ್ಗಿಗೆ ಕೂತಿತು.
ಬಸ್ಸು ಹೋದರೆ ಹೋಗಲಿ ಅಂತ
ನಾನೂ, ಪಕ್ಕದ ಸ್ಟೂಲಿನಲ್ಲಿ.